30×40 ಸೈಟಲ್ಲಿ ಇಂಗುಬಾವಿಗೆ ಜಾಗ ಎಲ್ಲಿ?

ತಾರಸಿ ಪೈಪು ಒಳಚರಂಡಿ ಚೇಂಬರ್‌ಗೆ ಸೇರಿದೆ, ಜೋರು ಮಳೆಗೆ ಬಚ್ಚಲಲ್ಲಿ ನೀರು ಉಕ್ಕುತ್ತದೆ, 30×40 ಅಡಿ ಸೈಟಲ್ಲಿ ಇಂಗುಬಾವಿಗೆ, ಅಂದರೆ ಮಳೆ ನೀರನ್ನು ನೆಲಕ್ಕೆ ಇಂಗಿಸುವ ಬಾವಿಗೆ, ಜಾಗ ಇಲ್ಲ ಎಂದಿದ್ದೀರಿ. ಮೊದಲು ಆ ಪೈಪನ್ನು ಅಲ್ಲಿಂದ ಬಿಡಿಸಿ. ಆ ಲೈನು ಇರುವುದು ಮನೆಯ ಕೊಳಕು ನೀರಿಗೆ. ಮಳೆ ನೀರೂ ನುಗ್ಗಿದರೆ ವಾಪಸ್ ನಿಮ್ಮ ಬಚ್ಚಲಿಗೇ ಬರುತ್ತದೆ.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ತಾರಸಿ 90 ಚದರ ಮೀಟರ್ ಇದೆ ಎಂದುಕೊಂಡರೂ 20 ಮಿ.ಮೀ. ಮಳೆಗೆ 1,800 ಲೀಟರ್ ಆಯಿತು. ಅಷ್ಟೂ ಸುಮ್ನೆ ಹೋಗುತ್ತಿದೆ ಅಲ್ವಾ?

ಫಿಲ್ಟರ್ ಹಾಕಿ ಸಂಪ್‌ಗೆ ಬಿಡಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಬೇಕೇ ಬೇಕು. ನಾವು 'ಯಾಕೆ ದಂಡ' ಎಂದು ಅದನ್ನು ಬಿಟ್ಟಿದ್ದೆವು. ಪಾರಿವಾಳದ ಹಿಕ್ಕೆ, ಹೊಂಗೆ ಎಲೆ ಎಲ್ಲ ಸಂಪ್‌ಗೆ ಇಳಿದು, ಒಂದೇ ತಿಂಗಳಲ್ಲಿ ಎರಡು ಸಲ ತೊಳೆಸಬೇಕಾಯಿತು.

ಸಂಪ್ ತುಂಬಿ ಮಿಕ್ಕಿದ್ದು ಇಂಗುಬಾವಿಗೆ. ಕಾರು ನಿಲ್ಲಿಸುವ ಜಾಗದಲ್ಲೇ ತೋಡಿಸಬಹುದು. 3 ಅಡಿ ಅಗಲ, 20 ಅಡಿ ಆಳದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಸಿಮೆಂಟ್ ರಿಂಗ್ ಇಳಿಸಿ, ತಳಕ್ಕೆ ಮಾತ್ರ ಕಾಂಕ್ರೀಟ್ ಹಾಕಿಸಬೇಡಿ. ಹಾಕಿದರೆ ಅದು ಇನ್ನೊಂದು ಸಂಪ್ ಅಷ್ಟೇ. ಮುಚ್ಚಳ ಕಾರಿನ ಭಾರ ತಡೆಯುವಂತಿರಲಿ. ಪಾಯಕ್ಕೆ ತೀರಾ ಹತ್ತಿರ ಬೇಡ, ಎಂಜಿನಿಯರ್‌ಗೆ ಒಮ್ಮೆ ತೋರಿಸಿ. ಅಗೆಯಲು ತಲೆಮಾರುಗಳಿಂದ ಬಾವಿ ತೋಡುವ ಮಣ್ಣುವಡ್ಡರನ್ನೇ ಹುಡುಕಿ, ಮಣ್ಣು ನೋಡಿಯೇ ಎಲ್ಲಿ ನಿಲ್ಲಿಸಬೇಕು ಹೇಳುತ್ತಾರೆ.

ಪುರುಸೊತ್ತಿದ್ದಾಗ ಬೆಂಗಳೂರಿನ ಜಯನಗರ 5ನೇ ಬ್ಲಾಕ್‌ನಲ್ಲಿರುವ ಜಲಮಂಡಳಿಯ ಮಳೆ ನೀರು ಕೊಯ್ಲು ಪಾರ್ಕ್‌ಗೆ ಹೋಗಿ ಬನ್ನಿ. ಫಿಲ್ಟರ್‌ಗಳನ್ನು ಕಣ್ಣಾರೆ ನೋಡಿದರೆ ಅಂಗಡಿಯಲ್ಲಿ ಮೋಸ ಹೋಗುವುದು ಕಡಿಮೆ.