ಭಾನುವಾರ ಆರು ಗಂಟೆಗೆ ನೀರು ಎಲ್ಲಿರುತ್ತದೆ?

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ಬಂದು ಒಂದು ವರ್ಷವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಜಪ್ಪಿನಮೊಗರು ಕಡೆ ನೇತ್ರಾವತಿ ದಡದಲ್ಲಿ ಗಾಳ ಹಾಕುತ್ತೇನೆ. ಒಂದು ವಾರ ಮೂರ‍್ನಾಲ್ಕು ಕಾಣೆ ಮೀನು ಸಿಗುತ್ತವೆ. ಮರುವಾರ ಅದೇ ಜಾಗ, ಅದೇ ಸಿಗಡಿ, ಒಂದೂ ಕಚ್ಚುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
- ಓದುಗರೊಬ್ಬರು, ಜಪ್ಪು

ಉತ್ತರ: ತೊಂದರೆ ಇರುವುದು ಆ ಆರು ಗಂಟೆಯಲ್ಲಿ.

ಜಪ್ಪಿನಮೊಗರಿನಲ್ಲಿ ನೇತ್ರಾವತಿ ಅರ್ಧ ನದಿ, ಅರ್ಧ ಸಮುದ್ರ. ದಿನಕ್ಕೆ ಎರಡು ಸಲ ಭರತ, ಅಂದರೆ ಕಡಲ ನೀರು ಏರುವುದು, ಎರಡು ಸಲ ಇಳಿತ. ಈ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ ಆಯಿತು, ಅಲ್ವಾ? ಅಂದರೆ ಈ ಭಾನುವಾರ ಆರಕ್ಕೆ ನೀರು ಇಳಿದಿದ್ದರೆ ಮುಂದಿನ ಭಾನುವಾರ ಆರಕ್ಕೆ ತುಂಬಿರುತ್ತದೆ. ಅದರ ಮುಂದಿನ ವಾರ ಮತ್ತೆ ಮೊದಲಿನ ಹಾಗೆ. ನಿಮ್ಮ ‘ಒಂದು ವಾರ ಉಂಟು, ಒಂದು ವಾರ ಇಲ್ಲ’ ಲೆಕ್ಕ ಇದೇ.

ನಾನು ಇಲ್ಲಿ ಗಾಳ ಹಿಡಿದು 22 ವರ್ಷವಾಯಿತು. ಶುರುವಿನಲ್ಲಿ ನಾನೂ ರಜೆ ನೋಡಿಯೇ ಹೋಗುತ್ತಿದ್ದೆ. ಒಂದು ದಿನ ಬೋಳಾರದ ದಡದಲ್ಲಿ ದೋಣಿ ಕಟ್ಟುತ್ತಿದ್ದ ಹಿರಿಯರೊಬ್ಬರು, “ಇಳಿತ ತಿರುಗುವಾಗ ಬನ್ನಿ ಮಾರಾಯ್ರೆ, ಈಗ ಸುಮ್ನೆ ಕೂತು ಏನು ಮಾಡ್ತೀರಿ?” ಎಂದರು. ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ತಿಥಿ, ಗಂಟೆ, ನೀರಿನ ಬಣ್ಣ, ಸಿಕ್ಕ ಮೀನು ಬರೆದಿಡುತ್ತಿದ್ದೇನೆ. ನನ್ನ ಕಾಣೆಗಳಲ್ಲಿ ಜಾಸ್ತಿ ಸಿಕ್ಕಿದ್ದು ಇಳಿತ ಮುಗಿದು ನೀರು ಏರತೊಡಗಿದ ಮೊದಲ ಎರಡು ಗಂಟೆಯಲ್ಲಿ. ಏರುವ ನೀರಿನ ಜೊತೆ ಕಾಣೆ ಮೇವು ಹುಡುಕುತ್ತಾ ಮರಳಿನ ತೆಳುನೀರಿಗೆ ಬರುತ್ತದೆ. ಕೆಂಬೇರಿ ಮೀನು ಬೇಕಿದ್ದರೆ ಇಳಿತ ನೋಡಿ ಹೋಗಿ. ತೋಡಿನ ಬಾಯಿಯಲ್ಲಿ, ಕಲ್ಲುಕಟ್ಟೆಯ ಮಗ್ಗುಲಲ್ಲಿ ಅದು ಹೊರಗೆ ಬರುವ ಮರಿಮೀನಿಗೆ ಕಾಯುತ್ತದೆ.

ಪಣಂಬೂರು ಬಂದರಿನ ಭರತ-ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ನಿಮ್ಮ ದಡಕ್ಕೆ ಆ ನೀರು ತಡವಾಗಿ ಬರುತ್ತದೆ. ಎಷ್ಟು ತಡ ಎಂದು ನೀವೇ ಕಂಡುಕೊಳ್ಳಬೇಕು. ಒಂದು ಕೋಲು ನೆಟ್ಟು ಎರಡು ದಿನ ನೋಡಿ, ಸಾಕು. ಹುಣ್ಣಿಮೆಯ ದಿನ ಅಲ್ಲಿ ನೀರು ತುಂಬಿದ ಗಂಟೆ ಬರೆದಿಟ್ಟರೆ ಅಮಾವಾಸ್ಯೆಗೂ ಸುಮಾರು ಅದೇ ಹೊತ್ತು.

ಪಂಚಾಂಗ ಕೈಯಲ್ಲಿರಲಿ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಸೆಳೆತ ಜೋರು, ಸಣ್ಣ ಸೀಸದ ಗುಂಡು ತಳದಲ್ಲಿ ನಿಲ್ಲುವುದೇ ಇಲ್ಲ. ಅಷ್ಟಮಿಯ ಸುತ್ತ ನೀರು ಅಲುಗಾಡಲೂ ಸೋಮಾರಿ. ನನಗೆ ಇಷ್ಟ ಚೌತಿ, ಪಂಚಮಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ನಂಬಬೇಡಿ. ಕೆಂಪು ನೀರು ಘಟ್ಟದಿಂದ ಇಳಿದು ಸಮುದ್ರವನ್ನೇ ಹಿಂದೆ ತಳ್ಳುತ್ತದೆ. ಭರತದ ಹೊತ್ತಿಗೆ ಮಟ್ಟ ಏರಿದರೂ ಹರಿವು ಕಡಲಿನ ಕಡೆಗೇ ಇರುತ್ತದೆ. ಆಗ ನಾನು ಗಾಳ ಅಟ್ಟಕ್ಕೆ ಹಾಕುತ್ತೇನೆ. ದಸರಾ ಕಳೆದು ನೀರು ತಿಳಿಯಾದ ಮೇಲೆ ಇಳಿಸುತ್ತೇನೆ. ಬೇಸಿಗೆಯಲ್ಲಿ ಉಪ್ಪುನೀರು ನದಿಯಲ್ಲಿ ಮೇಲೆ ಮೇಲೆ ಹೋಗುತ್ತದೆ, ಅದರ ಹಿಂದೆ ಮೀನೂ ಹೋಗುತ್ತದೆ. ಏಪ್ರಿಲ್‌ನಲ್ಲಿ ನೀವೂ ಒಂದಿಷ್ಟು ಮೇಲಕ್ಕೆ ಹೋಗಿ ನೋಡಿ.

ಒಂದು ಮಾತು ದಯವಿಟ್ಟು ಕೇಳಿ. ಇಳಿತದಲ್ಲಿ ಎದ್ದು ಕಾಣುವ ಮರಳದಿಬ್ಬದ ಮೇಲೆ ದೂರ ನಡೆಯಬೇಡಿ. ಒಮ್ಮೆ ನಾನು ಮೀನಿನ ಗುಂಗಿನಲ್ಲಿ ನಿಂತಿದ್ದೆ, ಹಿಂದೆ ತಿರುಗುವಾಗ ದಡಕ್ಕೂ ನನಗೂ ನಡುವೆ ಸೊಂಟದವರೆಗೆ ನೀರು. ಮರಳು ತೆಗೆದ ಹೊಂಡಗಳು ಎಲ್ಲಿವೆ ಎಂದು ಮೇಲಿನಿಂದ ಕಾಣುವುದಿಲ್ಲ. ಕೋಲಿನಲ್ಲಿ ತಡಕುತ್ತಾ ಬಂದೆ, ಕಾಲು ನಡುಗುತ್ತಿತ್ತು. ಒಬ್ಬರೇ ಹೋಗಬೇಡಿ.

ಈ ಭಾನುವಾರ ಆರಕ್ಕೆ ನೀರು ತುಂಬಿದ್ದರೆ ಮನೆಯಲ್ಲೇ ನಿಧಾನಕ್ಕೆ ತಿಂಡಿ ಮುಗಿಸಿ. ಹನ್ನೆರಡರ ಆಸುಪಾಸಿಗೆ ಇಳಿತ ತಿರುಗುತ್ತದೆ, ಆ ಹೊತ್ತಿಗೆ ದಡ ಸೇರಿ. ಬಿಸಿಲು ಜೋರಿರುತ್ತದೆ, ಟೊಪ್ಪಿ ಮರೆಯಬೇಡಿ.