ಹಾಡಿಗೂ ಸಿನಿಮಾಕ್ಕೂ ಒಂದೇ ಸೆಟ್ಟು ಸಾಕಾ?

ಪ್ರಶ್ನೆ: ನಮ್ದು ಶಿರಸಿ ಹತ್ರದ ಹಳ್ಳಿ ಮನೆ. ಹಾಲ್ 14 ಅಡಿ ಉದ್ದ, 12 ಅಡಿ ಅಗಲ, ಹೆಂಚಿನ ಮಾಡು, ರೆಡ್ ಆಕ್ಸೈಡ್ ನೆಲ. ಅಪ್ಪಯ್ಯಂಗೆ ಬೆಳಿಗ್ಗೆ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್ ಬೇಕೇ ಬೇಕು, ಆಯಿಗೆ ತಾಳಮದ್ದಳೆ, ಮಕ್ಳಿಗೆ ರಾತ್ರಿ ಸಿನಿಮಾ. ಈಗ ಒಂದು ಹಳೇ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಟವರ್ ಸ್ಪೀಕರ್ ಇದೆ. ಅದನ್ನ ಕೊಟ್ಬಿಟ್ಟು 5.1 ಪ್ಯಾಕೇಜ್ (ಐದು ಸಣ್ಣ ಸ್ಪೀಕರ್, ಒಂದು ಬಾಸ್ ಡಬ್ಬಿ) ತಗೊಳ್ಳಿ, ಎರಡೂ ಕೆಲ್ಸ ಅದ್ರಲ್ಲೇ ಆಗತ್ತೆ ಅಂತಾರೆ ಅಂಗಡಿಯವ್ರು. ಎರಡೂ ಬೇರೆ ಬೇರೆನೇ ಇರ್ಬೇಕು ಅಂತಾನೆ ಗೆಳೆಯ. ಯಾರ ಮಾತು ಕೇಳೋದು?
ಓದುಗರು, ಶಿರಸಿ

ಉತ್ತರ: ಮಾರಾಯ್ರೆ, ಮೊದ್ಲು ಆ ಹಳೇ ಜೋಡಿ ಮಾರೋ ಯೋಚ್ನೆ ಬಿಡಿ. ನಿಮ್ಮ ಹತ್ರ ಇರೋದೇ ಅರ್ಧ ಹೋಮ್ ಥಿಯೇಟರ್, ಅದೂ ಒಳ್ಳೇ ಅರ್ಧ. ಪ್ಯಾಕೇಜಿನಲ್ಲಿ ಬರೋ ಅಂಗೈ ಅಗಲದ ಐದು ಡಬ್ಬಿಯಲ್ಲಿ ಮನ್ಸೂರ್ ಕೇಳಿದ್ರೆ ಅಪ್ಪಯ್ಯ ಎರಡನೇ ದಿನಕ್ಕೇ ರೇಡಿಯೋ ಹುಡುಕ್ತಾರೆ.

ನಿಮ್ಮ ಗೆಳೆಯ ಹೇಳೋದ್ರಲ್ಲೂ ಅರ್ಧ ಮಾತ್ರ ಸರಿ. ಎವಿ ರಿಸೀವರ್‌ನಲ್ಲಿ (ಸಿನಿಮಾ ಸದ್ದನ್ನ ಬಿಡಿಸಿ ಎಲ್ಲಾ ಸ್ಪೀಕರ್‌ಗೂ ಹಂಚೋ ಆಂಪ್ಲಿಫೈಯರ್) ಹಾಡು ಕೇಳೋಕೇ ಆಗಲ್ಲ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ರಿಸೀವರ್ ಡಬ್ಬಿ ಮೇಲೆ ಬರೆದಿರೋ ವ್ಯಾಟ್ ಲೆಕ್ಕ ಹೆಚ್ಚಾಗಿ ಒಂದೋ ಎರಡೋ ಚಾನೆಲ್ (ಒಂದೊಂದು ಸ್ಪೀಕರ್‌ಗೆ ಹೋಗೋ ದಾರಿ) ಓಡ್ಸಿ ಅಳೆದಿದ್ದು, ಐದೂ ಒಟ್ಟಿಗೆ ಓಡಿದ್ರೆ ಒಂದೇ ಪವರ್ ಸಪ್ಲೈ ಹಂಚ್ಕೋಬೇಕಾಗತ್ತೆ, ಅದು ನಿಜ. ಆದ್ರೆ 88 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ಅಂದ್ರೆ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಶಬ್ದ, ನಿಮ್ಮ 14 ಅಡಿ ಹಾಲಿನಲ್ಲಿ ಖಯಾಲ್ ಕೇಳೋಕೆ ಕೆಲವೇ ವ್ಯಾಟ್ ಸಾಕು. ಹಾಗಾಗಿ ಕೊರತೆ ಇರೋದು ವ್ಯಾಟಿನದ್ದಲ್ಲ, ಜೋಡ್ಸೋ ರೀತಿದು.

ಹಾಡು ಹೆಚ್ಚಾಗಿ ರೆಕಾರ್ಡ್ ಆಗಿರೋದು ಎರಡು ಚಾನೆಲ್‌ಗೆ. ಎರಡು ಸ್ಪೀಕರ್ ಸರಿಯಾಗಿ ಇಟ್ರೆ ಗಾಯಕ ನಡುವಿನ ಖಾಲಿ ಜಾಗದಲ್ಲೇ ಕೂತ ಹಾಗೆ ಕೇಳತ್ತೆ, ತಂಬೂರಿ ಹಿಂದೆ ಹರಡ್ಕೊಳತ್ತೆ, ತಬಲಾದ ಡಗ್ಗಾ ಯಾವ ಬದಿಗಿದೆ ಅಂತನೂ ಗೊತ್ತಾಗತ್ತೆ. ಸಿನಿಮಾದಲ್ಲಿ ಮಾತಿನ ಬಹುಪಾಲು ಸೆಂಟರ್ ಚಾನೆಲ್‌ನಲ್ಲಿ, ಮಳೆ ಗಾಳಿ ಜನ ಸದ್ದು ಸುತ್ತಮುತ್ತ, ಆ ".1" ಅನ್ನೋದು ಬರೀ ಬಾಸ್‌ಗೆ ಇಟ್ಟ ಚಾನೆಲ್, 120 ಹರ್ಟ್ಜ್ ತನಕ. ಎರಡಕ್ಕೂ ಬೇಕಾಗೋದು ಎಡ ಬಲದ ಆ ಜೋಡಿ. ಅದನ್ನ ಚೆನ್ನಾಗಿಟ್ಕೊಂಡು ಸಿನಿಮಾನ ಅದರ ಸುತ್ತ ಕಟ್ಟಬೇಕು, ತಿರುಗಾಮುರುಗಾ ಅಲ್ಲ.

ಜೋಡ್ಸೋದು ಹೇಗೆ ಅಂದ್ರೆ, ರಿಸೀವರ್ ತಗೊಳ್ವಾಗ ಹಿಂದುಗಡೆ ಫ್ರಂಟ್ ಪ್ರಿ-ಔಟ್, ಅಂದ್ರೆ ಎಡ ಬಲದ ಸದ್ದನ್ನ ಬೇರೆ ಆಂಪ್ಲಿಫೈಯರ್‌ಗೆ ಕಳ್ಸೋ ತೂತು, ಇದೆಯಾ ನೋಡಿ. ಕಡಿಮೆ ಬೆಲೆಯವಕ್ಕೆ ಸಬ್‌ವೂಫರ್ (ಬಾಸ್ ಡಬ್ಬಿ) ಪ್ರಿ-ಔಟ್ ಒಂದೇ ಇರತ್ತೆ, ಅಂಗಡಿಯವ್ರು "ಪ್ರಿ-ಔಟ್ ಇದೆ ಸರ್" ಅಂದ್ಬಿಡ್ತಾರೆ, ನೀವೇ ಬಗ್ಗಿ ನೋಡಿ. ಆ ಎಡ ಬಲದ ಪ್ರಿ-ಔಟ್‌ನಿಂದ ಎರಡು ಆರ್‌ಸಿಎ ವೈರ್ ನಿಮ್ಮ ಹಳೇ ಆಂಪ್ಲಿಫೈಯರ್‌ಗೆ. ಟವರ್ ಸ್ಪೀಕರ್ ಈಗಿನ ಹಾಗೇ ಆಂಪ್ಲಿಫೈಯರ್‌ಗೇ ಇರ್ಲಿ, ಮುಟ್ಬೇಡಿ. ಸೆಂಟರ್, ಸರೌಂಡ್ (ಸುತ್ತಲಿನ) ಸ್ಪೀಕರ್ ಮಾತ್ರ ರಿಸೀವರ್ ಓಡ್ಸತ್ತೆ. ಬೆಳಿಗ್ಗೆ ಅಪ್ಪಯ್ಯ ಆಂಪ್ಲಿಫೈಯರ್ ಒಂದನ್ನೇ ಆನ್ ಮಾಡಿದ್ರೆ ಆಯ್ತು, ರಿಸೀವರ್ ಬಂದ್ ಇದ್ರೂ ಹಾಡು ಬರತ್ತೆ. ಕರೆಂಟ್ ಹೋದಾಗ ಇನ್ವರ್ಟರ್‌ಗೂ ಭಾರ ಕಡಿಮೆ.

ಆಂಪ್ಲಿಫೈಯರ್‌ನಲ್ಲಿ ಎಚ್‌ಟಿ (ಹೋಮ್ ಥಿಯೇಟರ್) ಬೈಪಾಸ್ ಅಂತ ಇನ್‌ಪುಟ್ ಇದ್ರೆ ರಿಸೀವರ್ ವೈರ್ ಅದಕ್ಕೇ ಹಾಕಿ, ಅಲ್ಲಿ ಆಂಪ್ಲಿಫೈಯರ್ ವಾಲ್ಯೂಮ್ ಕೆಲ್ಸ ಮಾಡಲ್ಲ, ರಿಸೀವರ್ ವಾಲ್ಯೂಮ್ ಒಂದೇ. ಅದೇ ಕಾರಣಕ್ಕೆ ಆ ಇನ್‌ಪುಟ್‌ಗೆ ಮೊಬೈಲ್, ಸಿಡಿ ಪ್ಲೇಯರ್ ಅಪ್ಪಿತಪ್ಪಿಯೂ ಚುಚ್ಬೇಡಿ, ಫುಲ್ ವಾಲ್ಯೂಮ್‌ನಲ್ಲಿ ಹೊಡೆದು ಟ್ವೀಟರ್ (ತೀಕ್ಷ್ಣ ದನಿಯ ಸಣ್ಣ ಸ್ಪೀಕರ್) ಸುಟ್ಟು ಹೋಗತ್ತೆ. ಹಳೇ ಮಾಡೆಲ್ಲಲ್ಲಿ ಬೈಪಾಸ್ ಇರೋದು ಕಷ್ಟ. ಆಗ ಆಕ್ಸ್ ಅನ್ನೋ ಇನ್‌ಪುಟ್‌ಗೆ ಹಾಕಿ, ವಾಲ್ಯೂಮ್ ಗುಬ್ಬಿ ನೆಟ್ಟಗೆ ಮೇಲ್ಮುಖ ಮಾಡಿ, ಅಲ್ಲೊಂದು ಚುಕ್ಕಿ ನೇಲ್ ಪಾಲಿಶ್ ಹಚ್ಚಿ, ಹಾಗೇ ಇಟ್ಕೊಂಡು ರಿಸೀವರ್‌ನ ಮೈಕ್ ಸೆಟಪ್ (ಸ್ಪೀಕರ್ ಸದ್ದು ಅಳೆದು ಸರಿಹೊಂದಿಸೋದು) ಓಡ್ಸಿ. ಸಿನಿಮಾ ನೋಡ್ವಾಗೆಲ್ಲ ಗುಬ್ಬಿ ಆ ಚುಕ್ಕಿಗೇ ಬರ್ಬೇಕು, ಇದನ್ನ ಮಕ್ಳಿಗೆ ಹೇಳ್ಕೊಡಿ, ಅವ್ರು ನಮಗಿಂತ ಬೇಗ ಕಲೀತಾರೆ.

ಸೆಂಟರ್ ಸ್ಪೀಕರ್ ಈಗ್ಲೇ ತಗೊಳ್ಬೇಡಿ. ರಿಸೀವರ್ ಸೆಟಪ್‌ನಲ್ಲಿ ಸೆಂಟರ್ ಇಲ್ಲ ಅಂತ ಹಾಕಿದ್ರೆ ಮಾತನ್ನ ಎಡ ಬಲಕ್ಕೆ ಸಮ ಹಂಚತ್ತೆ, ನಡುವೆ ಕೂತವ್ರಿಗೆ ಟಿವಿಯಿಂದನೇ ಬಂದ ಹಾಗೆ ಕೇಳತ್ತೆ. ಕಷ್ಟ ಆಗೋದು ಮೂಲೆಯಲ್ಲಿ ಗೋಡೆಗೊರಗಿ ಕೂತವ್ರಿಗೆ, ಅವ್ರಿಗೆ ಹತ್ರದ ಸ್ಪೀಕರ್‌ನಿಂದ್ಲೇ ಮಾತು ಬರತ್ತೆ. ನಿಮ್ಮನೇಲಿ ಜನ ಜಾಸ್ತಿ ಇದ್ರೆ ಆಮೇಲೆ ತಗೊಳ್ಳಿ, ಆದ್ರೆ ಟವರ್ ಯಾವ ಕಂಪನಿ ಯಾವ ಸೀರೀಸೋ ಅದ್ರದ್ದೇ ಹುಡುಕಿ, ಇಲ್ದಿದ್ರೆ ಹೀರೋ ಎಡದಿಂದ ನಡುವಿಗೆ ನಡ್ಕೊಂಡು ಬರ್ವಾಗ ದನಿನೇ ಬದ್ಲಾಗತ್ತೆ. ಸರೌಂಡ್‌ಗೆ ಸಣ್ಣವು ಸಾಕು. ಅಟ್ಮಾಸ್ (ತಲೆ ಮೇಲಿಂದಲೂ ಸದ್ದು ಬರ್ಸೋದು) ಅಂತ ಮಾಡಿಗೆ ಸ್ಪೀಕರ್ ತೂಗು ಹಾಕೋದು ಬೇಡ, ಹೆಂಚಿನ ಇಳಿಜಾರು ಮಾಡಲ್ಲಿ ಮೇಲಕ್ಕೆ ಹೊಡೆದು ವಾಪಸ್ ಬರ್ಸೋ ಜಾತಿ ಸ್ಪೀಕರಂತೂ ದಂಡ, ಅದಕ್ಕೆ ಸಪಾಟು ಸೀಲಿಂಗ್ ಬೇಕು.

ಸಬ್‌ವೂಫರ್ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೆ ಹೆಚ್ಚು ಮನೆ ಕೆಡೋದು ಅಲ್ಲೇ. 14 ಅಡಿ ಉದ್ದದ ಕೋಣೆ ಸುಮಾರು 40 ಹರ್ಟ್ಜ್‌ಗೆ ತಾನೇ ಗುಂಯ್‌ಗುಡತ್ತೆ, 12 ಅಡಿ ಅಗಲ 47ರ ಹತ್ರ. ಮೂಲೆಗೆ ಇಟ್ರೆ ಎರಡೂ ಸೇರಿ ಶೋಕೇಸಿನ ಗಾಜು, ಅದರೊಳಗಿನ ಸ್ಟೀಲ್ ಲೋಟ ಎಲ್ಲಾ ಕುಣಿಯತ್ತೆ. ನೀವು ಕೂರೋ ಕುರ್ಚಿ ಮೇಲೆ ಸಬ್‌ವೂಫರ್ ಇಟ್ಟು, ಬಾಸ್ ಇರೋ ಹಾಡು ಹಾಕಿ, ಗೋಡೆ ಬದಿಗೆ ಮಂಡಿಯೂರಿ ಹರೀತಾ ಹೋಗಿ, ಎಲ್ಲಿ ಬಾಸ್ ಬಿಗಿಯಾಗಿ ಸ್ವಚ್ಛ ಕೇಳತ್ತೋ ಅದೇ ಅದರ ಜಾಗ. ಯಾರಾದ್ರೂ ನೋಡಿದ್ರೆ ನಗ್ತಾರೆ, ನಗ್ಲಿ. ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ) 80 ಹರ್ಟ್ಜ್‌ಗೆ ಇಡಿ. ನೆಲಕ್ಕೆ ಜಮಖಾನ ಹಾಸಿ, ರೆಡ್ ಆಕ್ಸೈಡ್ ಮೇಲೆ ಚಪ್ಪಾಳೆ ತಟ್ಟಿ ನೋಡಿ ಬೇಕಾದ್ರೆ, ಟರ್ರ್ ಅಂತ ಮರುದನಿ ಬರೋದು ಕೇಳತ್ತೆ.

ಆಯಿಯ ತಾಳಮದ್ದಳೆ ಯಾವತ್ತೂ ಸ್ಟೀರಿಯೋದಲ್ಲೇ ಹಾಕಿ, ರಿಸೀವರ್‌ನ ಸರೌಂಡ್ ಮೋಡ್‌ನಲ್ಲಿ ಬೇಡ. ಯಕ್ಷಗಾನದಲ್ಲಿ ಹಿಮ್ಮೇಳ ಹಿಂದೆ ಇರೋದು ಸರಿ, ಆದ್ರೆ ವೇಷದ ಹಿಂದೆ, ನಮ್ಮ ಬೆನ್ನ ಹಿಂದಲ್ಲ.

ಟಿವಿ ಹೊಸದು ಬೇಡ. ಎಚ್‌ಡಿಎಂಐ ಎಆರ್‌ಸಿ (ಟಿವಿ ಸದ್ದನ್ನ ಅದೇ ವೈರಲ್ಲಿ ರಿಸೀವರ್‌ಗೆ ವಾಪಸ್ ಕಳ್ಸೋದು) 2009ರಿಂದ ಇದೆ, ಒಟಿಟಿಯಲ್ಲಿ ಬರೋ 5.1 ಅದ್ರಲ್ಲಿ ಹೋಗತ್ತೆ. ಅದರ ಹೊಸ ರೂಪ ಇಎಆರ್‌ಸಿ ಬೇಕಾಗೋದು ಬ್ಲೂರೇ ಡಿಸ್ಕಿನ ದೊಡ್ಡ ಸೌಂಡ್‌ಟ್ರ್ಯಾಕ್ ಟಿವಿ ಮೂಲಕ ಕಳ್ಸೋವಾಗ. ಸ್ಪೀಕರ್ ವೈರಿಗೆ ಎಲೆಕ್ಟ್ರಿಕಲ್ ಅಂಗಡಿಯ 2.5 ಚದರ ಎಂಎಂ ತಾಮ್ರದ ವೈರ್ ಧಾರಾಳ ಸಾಕು.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ರವೇ ಮನೆ. ವೂಫರ್ ಸುತ್ತಿನ ಫೋಮ್ ಉದುರ್ತಾ ಇದೆ, ವೈರ್ ತುದಿ ಹಸಿರುಗಟ್ಟಿದೆ. ಸ್ಪೀಕರೇ ಬದ್ಲಾಯಿಸ್ಬೇಕಾ?
ಓದುಗರು, ಕಾರವಾರ

ಉತ್ತರ: ಬೇಡ. ಫೋಮ್ ರಿಂಗ್ ನಮ್ಮ ಹವೆಗೆ ಎಲ್ಲಾ ಕಡೆನೂ ಉದುರತ್ತೆ, ಕೋನ್ ಕಾಯಿಲ್ ಸರಿ ಇದ್ರೆ ರಿಂಗ್ ಒಂದೇ ಹಾಕಿಸ್ಬಹುದು. ಮುಂದೆ ತಗೊಂಡ್ರೆ ರಬ್ಬರ್ ರಿಂಗಿನದ್ದು ನೋಡಿ. ಹಸಿರು ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸಿ, ಟರ್ಮಿನಲ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ, ಕೊಬ್ಬರಿ ಎಣ್ಣೆ ಅಲ್ಲ. ಮಳೆಗಾಲದಲ್ಲಿ ಸೆಟ್ ಮುಚ್ಚಿಡೋದಕ್ಕಿಂತ ದಿನಾ ಸ್ವಲ್ಪ ಹೊತ್ತು ಹಾಕಿಡೋದು ಒಳ್ಳೇದು, ಒಳಗಿನ ಬಿಸಿಗೆ ತೇವ ಆರತ್ತೆ. ಗುಡುಗು ಶುರು ಆಗೋ ಮೊದ್ಲೇ ಪ್ಲಗ್ ಜೊತೆಗೆ ಡಿಶ್ ಕೇಬಲ್, ನೆಟ್ ಕೇಬಲ್‌ನೂ ಕೀಳಿ, ಸಿಡಿಲು ಅದ್ರಲ್ಲೂ ಬರತ್ತೆ.

ಪ್ರಶ್ನೆ: ಟಿವಿ ಆಂಪ್ಲಿಫೈಯರ್‌ಗೆ ಜೋಡ್ಸಿದ್ಮೇಲೆ ಸದಾ ಹುಂ ಅಂತ ಸದ್ದು. ಮೂರು ಕಡ್ಡಿ ಪ್ಲಗ್ಗಿನ ದೊಡ್ಡ ಕಡ್ಡಿ ತೆಗೆದ್ರೆ ಹೋಗತ್ತೆ ಅಂದ್ರು. ಹೌದಾ?
ಓದುಗರು, ಕುಮಟಾ

ಉತ್ತರ: ಸದ್ದು ಹೋಗಬಹುದು, ಜೊತೆಗೆ ನೀವೂ. ಅದು ಅರ್ಥಿಂಗ್ ಕಡ್ಡಿ, ಮುಟ್ಬೇಡಿ. ಸೆಟ್‌ಟಾಪ್ ಬಾಕ್ಸಿನ ಡಿಶ್ ಕೇಬಲ್ ಬಿಚ್ಚಿ ನೋಡಿ, ಹುಂ ನಿಂತ್ರೆ ಅಲ್ಲಿಂದನೇ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಸುತ್ತಿ ಬರೋದು), ಟಿವಿಯಿಂದ ಆಂಪ್ಲಿಫೈಯರ್‌ಗೆ ಹೋಗೋ ಆಡಿಯೋ ವೈರಿಗೆ ಗ್ರೌಂಡ್ ಐಸೊಲೇಟರ್ ಹಾಕ್ಸಿ. ನಿಲ್ದಿದ್ರೆ ಟಿವಿ, ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ. ಅದಕ್ಕೂ ನಿಲ್ದಿದ್ರೆ ಎಲೆಕ್ಟ್ರಿಷಿಯನ್ ಕರ್ಸಿ ಅರ್ಥ್ ಗುಂಡಿ ನೋಡಿಸಿ.