ಕ್ರಿಸ್ಟಲ್ ಸಿಂಗಿಂಗ್ ಬೌಲ್ ಬಿಡಿಬಿಡಿಯಾಗಿ ಕೊಂಡರೆ ಒಂದಕ್ಕೊಂದು ಶ್ರುತಿ ಸೇರುತ್ತಾ?

ಹೋಂಸ್ಟೇಯಲ್ಲಿ ಯೋಗ ಹಾಲ್, ಏಳು ಚಕ್ರಕ್ಕೆ ಏಳು ಬೌಲ್ (ತಟ್ಟಿದರೆ, ಅಂಚು ಉಜ್ಜಿದರೆ ಮೊಳಗುವ ಕ್ವಾರ್ಟ್ಜ್ ಬಟ್ಟಲು), ಸೆಟ್ ದುಬಾರಿ ಅಂತ ಒಂದೊಂದಾಗಿ ಕೊಳ್ಳುವ ಲೆಕ್ಕಾಚಾರ. ನಿಮ್ಮ ಪ್ರಶ್ನೆ ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೇ ಬರೆದಿಟ್ಟ ಹಾಗಿದೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಕಾಫಿ ಕಣದ ಪಕ್ಕದ ಹಳೇ ಗೋದಾಮಿಗೆ ಹಲಗೆ ಹಾಸಿ, ಮೇಲೆ ಹೊಸ ಶೀಟ್ ಹೊದಿಸಿ, ಅದಕ್ಕೆ ಹಾಲ್ ಅಂತ ಹೆಸರಿಟ್ಟಿದ್ದೆ. ಮೊದಲು ಕೊಂಡದ್ದು ‘ಸಿ’ ಬೌಲ್ (ಬೌಲಿಗೆ ಪಾಶ್ಚಾತ್ಯ ಸ್ವರದ ಹೆಸರೇ ಇಡುತ್ತಾರೆ), ಹತ್ತು ಇಂಚಿನ ಫ್ರಾಸ್ಟೆಡ್, ಅಂದರೆ ಮಂಜುಗಾಜಿನ ಹಾಗಿರುವುದು. ಬೆಂಗಳೂರಿಗೆ ಹೋದಾಗ ಕೈಯಾರೆ ಬಾರಿಸಿ ನೋಡಿ ತಂದದ್ದು. ಎರಡನೆಯದು ‘ಜಿ’. ಅದನ್ನು ಬೇರೆ ಕಡೆಯಿಂದ ಆನ್‌ಲೈನಲ್ಲಿ ತರಿಸಿದೆ, ಅಗ್ಗಕ್ಕೆ ಸಿಕ್ಕಿತು ಅಂತ. ನಮ್ಮ ಲೆಕ್ಕದಲ್ಲಿ ಸಿ ಅಂದರೆ ಒಂದು ಮನೆ ಶ್ರುತಿಯ ಷಡ್ಜ, ಜಿ ಅಂದರೆ ಅದರ ಪಂಚಮ. ಸ-ಪ ಎಲ್ಲಾದರೂ ಹೊಂದದೆ ಇರುತ್ತಾ? ಅಷ್ಟೇ ನನ್ನ ತರ್ಕ.

ಪಾರ್ಸೆಲ್ ಬಂದದ್ದು ಆಗಸ್ಟ್ 4ಕ್ಕೆ, ಕಕ್ಕಡ ಹದಿನೆಂಟರ ಮರುದಿನ (ಕಕ್ಕಡ ಅಂದರೆ ನಮ್ಮ ಕೊಡವರ ಮಳೆಗಾಲದ ತಿಂಗಳು). ಹಿಂದಿನ ದಿನ ಮದ್ದು ಸೊಪ್ಪಿನ ರಸದಲ್ಲಿ ಮಾಡಿದ ಪಾಯಸ ಇನ್ನೂ ಪಾತ್ರೆಯ ತಳದಲ್ಲಿತ್ತು. ಕಕ್ಕಡದ ಮಳೆ ಶೀಟಿನ ಮೇಲೆ ಹೇಗೆ ಸುರಿಯುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಎದುರು ಕೂತವರ ಹತ್ತಿರವೂ ಕೂಗಿಯೇ ಮಾತಾಡಬೇಕು. ಆ ಗಲಾಟೆಯಲ್ಲೇ ಎರಡನ್ನೂ ಅಕ್ಕಪಕ್ಕ ಇಟ್ಟು ತಟ್ಟಿದೆ. ಗುಂಯ್ ಅಂತು. ಖುಷಿಯೋ ಖುಷಿ. ವಾಪಸ್ ಕಳಿಸೋಕೆ ಹತ್ತು ದಿನದ ಗಡುವಿತ್ತು, ಅದು ಮಳೆಯಲ್ಲೇ ಕರಗಿಹೋಯಿತು.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಮೈಸೂರಿಂದ ಚಿಕ್ಕಮ್ಮ ಬಂದರು. ಮೂವತ್ತು ವರ್ಷ ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟ ಕಿವಿ. ಅವತ್ತು ಮಳೆ ಬಿಟ್ಟಿತ್ತು. ಊಟ ಆದಮೇಲೆ ಹಾಲಿಗೆ ಕರ್ಕೊಂಡು ಹೋಗಿ ಜಂಬದಿಂದ ಎರಡೂ ಬಾರಿಸಿದೆ.

“ಪಂಚಮ ಇಳಿದುಬಿಟ್ಟಿದೆಯಲ್ಲೋ.”

“ಜಿ ಅಂತಲೇ ಬರೆದಿದ್ದಾರೆ ಚಿಕ್ಕಮ್ಮ.”

“ಬರೆದದ್ದನ್ನ ಕಿವೀಲಿ ಕೇಳ್ತೀಯೇನೋ?”

ಸಿ ಬೌಲನ್ನು ಇನ್ನೊಂದು ಸಲ ತಟ್ಟಿಸಿ, ಅದರ ಮೇಲೆ ತಾವೇ ‘ಪಾ’ ಹಿಡಿದರು. ಆಮೇಲೆ ಜಿ ತಟ್ಟು ಅಂದರು. ತಟ್ಟಿದೆ. ಅವರ ದನಿ ಒಂದು ಕಡೆ, ಬೌಲ್ ಇನ್ನೊಂದು ಕಡೆ. ಫೋನಲ್ಲಿ ಟ್ಯೂನರ್ ಆ್ಯಪ್ ಹಾಕಿ ನೋಡಿದರೆ ಸಿ 261.6 ಹರ್ಟ್ಸ್, ಮುಳ್ಳು ಸರಿಯಾಗಿ ನಡುವೆ. ಜಿ 385, ಪಕ್ಕದಲ್ಲಿ ಮೈನಸ್ 32.

ತಪ್ಪಾದದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದುಡ್ಡು ಹೋದದ್ದು ಇಲ್ಲೇ. ‘ಜಿ’ ಅನ್ನೋದು ಬರೀ ಹೆಸರು. ಆ ಹೆಸರಿಗೆ ಎಷ್ಟು ಹರ್ಟ್ಸ್ ಅನ್ನೋದು ‘ಎ’ ಸ್ವರವನ್ನು ಎಲ್ಲಿ ಕಟ್ಟಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಲೋಕವೆಲ್ಲ ಬಳಸುವುದು 440 ಹರ್ಟ್ಸ್, ಅದು ಐಎಸ್‌ಒ 16 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇರುವ ಅಳತೆ. ಆದರೆ ಬೌಲ್ ವ್ಯಾಪಾರದಲ್ಲಿ 432 ಕೂಡ ಜೋರಾಗಿ ಓಡುತ್ತೆ. 440ರಲ್ಲಿ ಜಿ ಅಂದರೆ 392, 432ರಲ್ಲಿ ಅದೇ ಜಿ 385ಕ್ಕಿಂತ ಒಂದು ಕೂದಲೆಳೆ ಕಡಿಮೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಅಂತ ಲೆಕ್ಕ, ಆ್ಯಪ್ ತೋರಿಸಿದ ಮೈನಸ್ 32 ಅದೇ, 32 ಸೆಂಟ್ ಇಳಿಯೋದು ಅಂದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ನನ್ನ ಸಿ 440ರದ್ದು, ಜಿ 432ರದ್ದು. ಎರಡೂ ಒಳ್ಳೆಯ ಬೌಲೇ. ಮಾರಿದವರು ಸುಳ್ಳೂ ಹೇಳಿರಲಿಲ್ಲ, ವಿವರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ 432 ಅಂತ ಇತ್ತು. ನಾನು ಅಕ್ಷರ ಓದಿದೆ, ಅಂಕಿ ಓದಲಿಲ್ಲ.

ಸರಿಮಾಡೋಕೆ ಆಗಲ್ವಾ ಅಂದರೆ, ಕ್ವಾರ್ಟ್ಜ್ ಬೌಲಿಗೆ ತಂಬೂರಿಯ ಹಾಗೆ ಬಿರಡೆ ಇಲ್ಲ. ಇವುಗಳ ಮೂಲ ಸಂಗೀತವೂ ಅಲ್ಲ, ಚಿಪ್ ಕಾರ್ಖಾನೆಗಳಲ್ಲಿ ಸಿಲಿಕಾನ್ ಕರಗಿಸುವ ಪಾತ್ರೆ. ಜಲತರಂಗದ ನೆನಪಾಗಿ ಸಿ ಬೌಲಿಗೆ ನೀರು ಹಾಕಿ ನೋಡಿದೆ, ಅದನ್ನೇ ಜಿ ಮಟ್ಟಕ್ಕೆ ಇಳಿಸೋಣ ಅಂತ. ಮೊದಲೆರಡು ಚೊಂಬಿಗೆ ಮುಳ್ಳು ಅಲುಗಾಡಿದ್ದೇ ಅನುಮಾನ. ಮೂರನೆಯದಕ್ಕೆ ಜಾರತೊಡಗಿತು. ಶ್ರುತಿ ಏನೋ ಸೇರಿತು. ಆದರೆ ಕೋಲಿನಿಂದ ಅಂಚು ಉಜ್ಜಿದರೆ ನೀರು ನಡುಗುತ್ತೆ, ನಿಮಿಷಗಟ್ಟಲೆ ನಿಲ್ಲುತ್ತಿದ್ದ ನಾದ ಬೇಗ ಸತ್ತುಹೋಗುತ್ತೆ. ಶವಾಸನದಲ್ಲಿ ಮಲಗಿದ ಅತಿಥಿಯ ಮುಖಕ್ಕೆ ಎರಡು ಹನಿ ಹಾರಿದ ಮೇಲೆ ಆ ಪ್ರಯೋಗ ಬಿಟ್ಟೆ.

ಈಗ ನಿಮ್ಮ ಏಳರ ವಿಷಯ. ಏಳು ಬೇಡ. ಸೆಟ್ಟಾಗಿಯೂ ಬೇಡ, ಬಿಡಿಯಾಗಿಯೂ ಬೇಡ. ಮೂಲಾಧಾರಕ್ಕೆ ಸಿ, ಸ್ವಾಧಿಷ್ಠಾನಕ್ಕೆ ಡಿ ಅನ್ನೋದು ಪಶ್ಚಿಮದಲ್ಲಿ ಈಚೆಗೆ ಕಟ್ಟಿದ ಜೋಡಣೆ. ನಮ್ಮಲ್ಲಿ ಮೂಲಾಧಾರಕ್ಕೆ ‘ಲಂ’ ಅನ್ನೋ ಬೀಜಾಕ್ಷರ ಇದೆ, ಹರ್ಟ್ಸ್ ಇಲ್ಲ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಕಿವಿಯ ಲೆಕ್ಕ ಬೇರೆಯೇ. ಆ ಏಳು ಸ್ವರ ಅಂದರೆ ಶಂಕರಾಭರಣ ರಾಗದ್ದು. ಹಾಡುವಾಗ ಗ ಮುಗಿದ ಮೇಲೆ ಮ ಬರುತ್ತೆ, ತಕರಾರಿಲ್ಲ. ಬೌಲಲ್ಲಿ ಗ ಇನ್ನೂ ಮೊಳಗುತ್ತಿರುವಾಗಲೇ ಮ ಅದರ ಬೆನ್ನೇರುತ್ತೆ. ನಡುವೆ ಇರೋದು ಒಂದೇ ಸ್ವರಸ್ಥಾನ, ಎರಡೂ ಕಿತ್ತಾಡುತ್ತವೆ. ನಿ ಮತ್ತು ಮೇಲಿನ ಸ ಕತೆಯೂ ಅದೇ. ಅಂದರೆ ಪಕ್ಕಾ ಶ್ರುತಿ ಇರುವ, ಒಂದೇ ಕಾರ್ಖಾನೆಯ ಸೆಟ್ ಕೊಂಡರೂ ಏಳನ್ನೂ ಒಟ್ಟಿಗೆ ಮೊಳಗಿಸಿದರೆ ಸಂತೆ.

ಮೂರರಿಂದ ಶುರುಮಾಡಿ: ಸ, ಪ, ಮೇಲಿನ ಸ. ತಂಬೂರಿ ಇಷ್ಟು ಕಾಲದಿಂದ ಅಷ್ಟರಲ್ಲೇ ಬದುಕಿದೆ. ಆಸೆ ಇದ್ದರೆ ಅಂತರ ಗಾಂಧಾರ, ಅಂದರೆ ಇ, ಸೇರಿಸಿ. ಐದು ಬೇಕೇ ಬೇಕು ಅಂದರೆ ಮೋಹನ ರಾಗದ ಸ ರಿ ಗ ಪ ಧ, ಅಂದರೆ ಸಿ ಡಿ ಇ ಜಿ ಎ. ಅದರಲ್ಲಿ ಅರ್ಧ ಸ್ವರದ ಜೋಡಿಯೇ ಇಲ್ಲ, ಮಕ್ಕಳು ಸಿಕ್ಕಸಿಕ್ಕಂತೆ ಬಾರಿಸಿದರೂ ಅಪಸ್ವರ ಅನ್ನಿಸಲ್ಲ. ನಮ್ಮಲ್ಲಿ ಈಗ ಇರೋದು ನಾಲ್ಕು. ಐದನೆಯದಕ್ಕೆ ಇನ್ನೂ ಮನೆಯಲ್ಲಿ ಅನುಮತಿ ಸಿಕ್ಕಿಲ್ಲ.

432 ಒಳ್ಳೆಯದೋ 440 ಒಳ್ಳೆಯದೋ ಅನ್ನೋ ಜಗಳಕ್ಕೆ ನಾನು ಬರಲ್ಲ. ಯಾವುದಾದರೂ ಒಂದು, ಎಲ್ಲವೂ ಅದೇ. ಹಾರ್ಮೋನಿಯಂ, ಕೊಳಲು, ಕೀಬೋರ್ಡ್ ಯಾರಾದರೂ ತರುತ್ತಾರೆ ಅಂದರೆ 440. ಕೊಳ್ಳುವ ಮುಂಚೆ ಮಾರಾಟಗಾರರ ಹತ್ತಿರ ವಿಡಿಯೋ ಕೇಳಿ, ಬೌಲ್ ಮೊಳಗುವಾಗ ಪಕ್ಕದಲ್ಲಿ ಟ್ಯೂನರ್ ಪರದೆ ಕಾಣಬೇಕು. ಹತ್ತು ಸೆಂಟ್ ಆಚೀಚೆ ಇದ್ದರೆ ನಾನು ತಗೋತೀನಿ, ಇಪ್ಪತ್ತು ದಾಟಿದರೆ ಇಲ್ಲ. ಇಂಚು ನೋಡಿ ಸ್ವರ ಊಹಿಸಬೇಡಿ. ದೊಡ್ಡದು ಸಾಮಾನ್ಯವಾಗಿ ಮಂದ್ರ, ಆದರೆ ಗೋಡೆ ದಪ್ಪ ಇದ್ದರೆ ಲೆಕ್ಕ ಬದಲಾಗುತ್ತೆ. ಆ್ಯಪ್ ಬೇಡ ಅನ್ನುವವರು ಫೋನಿನ ಶ್ರುತಿ ಪೆಟ್ಟಿಗೆಯಲ್ಲಿ ಅದೇ ಸ್ವರ ಹಾಕಿ ಬೌಲ್ ತಟ್ಟಿ. ಸೇರದಿದ್ದರೆ ವಂವ್ ವಂವ್ ಅಂತ ಅಲೆ ಏಳುತ್ತೆ. 440ರ ಸಿ, 432ರ ಸಿ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ಹತ್ತಿರ ಹತ್ತಿರ ಐದು ಅಲೆ.

ಕುಶಾಲನಗರ ದಾಟಿ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ಹೋಗಿ ಲೋಹದ ಬೌಲ್ ತಂದು ಇದರ ಜತೆ ಬೆರೆಸುವ ಯೋಚನೆ ಇದ್ದರೆ, ನಿಮ್ಮ ಕ್ರಿಸ್ಟಲ್ ಬೌಲನ್ನು ಕಾರಲ್ಲಿ ಹಾಕ್ಕೊಂಡೇ ಹೋಗಿ. ಲೋಹದ್ದು ಒಂದರಲ್ಲೇ ಎರಡು ಮೂರು ದನಿ ಹೊರಡಿಸುತ್ತೆ, ಜತೆಗಿಟ್ಟು ಕೇಳದೆ ಗೊತ್ತಾಗಲ್ಲ. ದಾರಿಯಲ್ಲಿ ಕಂಬಳಿ ಸುತ್ತಿ.

ಆ ಜಿ ಇನ್ನೂ ನನ್ನ ಹತ್ತಿರವೇ ಇದೆ, ಭತ್ತದ ಪತ್ತಾಯದ ಮೇಲೆ ಕೂತಿದೆ. ನೀವು 432ರಲ್ಲಿ ಮಾಡೋದಾದರೆ ಅರ್ಧ ಬೆಲೆಗೆ ಕೊಡ್ತೀನಿ. ಬಂದು ಬಾರಿಸಿ ನೋಡಿ, ಮಳೆ ಇಲ್ಲದ ದಿನ.